ಎರಡಕ್ಷರ ಒತ್ತಿದರೆ ಬರುವ ವಿಳಾಸ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಕಾಜಾ ಹಾಕಿ ಓದಿಸಿದಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಜಂಬವಿದೆ. ಆ ಡಿಗ್ರಿ ಹಿಡಿದು ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗ ಸೇರಿದೆ, ಏಜೆನ್ಸಿ ಮೂಲಕ, ಕಾಂಟ್ರ್ಯಾಕ್ಟ್ ಮೇಲೆ. ಪರ್ಮನೆಂಟ್ ಮಾಡ್ತೀವಿ ಅಂತ ಮ್ಯಾನೇಜರ್ ಹೇಳುತ್ತಲೇ ಇದ್ದರು.

ಮೊದಮೊದಲು ಅವರು ನನಗೆ ಮೇಲ್ ಕಳಿಸಿದ್ದೇ ಇಲ್ಲ. ಏನಿದ್ದರೂ ಸೂಪರ್‌ವೈಸರ್ ಮೂಲಕ. ಒಮ್ಮೆ ಮೀಟಿಂಗ್‌ನಲ್ಲಿ ಎಲ್ಲರೆದುರು ಮೇಲ್ ಕಳಿಸಲು ಕಂಪ್ಯೂಟರ್‌ನಲ್ಲಿ ನನ್ನ ಹೆಸರಿನ ಮೊದಲ ಎರಡಕ್ಷರ ಒತ್ತಿದರು. ಎಚ್‌ಆರ್ ಮೇಡಂ ಹೆಸರೂ ಹಾಗೇ ಶುರು. ಅವರ ವಿಳಾಸ ಬಂತು, ನನ್ನದು ಬರಲಿಲ್ಲ.

"ಕಂಪ್ಯೂಟರ್‌ಗೂ ನೀನು ಗೊತ್ತಿಲ್ವಲ್ಲಮ್ಮ!" ಅಂದರು. ಎಲ್ಲರೂ ನಕ್ಕರು.

"ನೀವು ಬರೆದವರನ್ನೇ ಅದು ನೆನಪಿಟ್ಕೊಳ್ಳೋದು ಸಾರ್. ನನಗೆ ನೀವು ಯಾವತ್ತೂ ಬರೆದಿಲ್ಲ" ಅಂದೆ. ನಗು ನಿಂತಿತು.

ಆಮೇಲೆ ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯವರು ಬಂದು ಪರಿಶೀಲಿಸುವ ಆಡಿಟ್ ನಿಗದಿಯಾಯಿತು. ಅಳತೆ ಉಪಕರಣಗಳ ದಾಖಲೆಯೆಲ್ಲ ನನ್ನ ಕೈಯಲ್ಲಿ. ದಿನವಿಡೀ ಮ್ಯಾನೇಜರ್ ಮೇಲ್ ನನಗೇ. ಒಂದು ಮಧ್ಯಾಹ್ನ ಅವರ ಟೇಬಲ್ ಪಕ್ಕ ನಿಂತು ನೋಡಿದೆ: ಅದೇ ಎರಡಕ್ಷರಕ್ಕೆ ನನ್ನ ವಿಳಾಸ ಮೇಲೆ, ಮೇಡಂದು ಕೆಳಗೆ. ಅವತ್ತು ಮನೆಯಿರುವ ಮಾಕಳಿವರೆಗೂ ಬಸ್ಸಿನಲ್ಲಿ ನಿಂತೇ ಹೋದರೂ ಕಾಲು ನೋಯಲಿಲ್ಲ. ಜಾಸ್ತಿ ಮೇಲ್ ಬರೆಸಿಕೊಂಡವರನ್ನು ಕಂಪ್ಯೂಟರ್ ಮೇಲೆ ತರುತ್ತದೆ, ಅಷ್ಟೇ. ಬರೆಯುವವರ ಮನಸ್ಸಿನಲ್ಲಿ ಈಗ ಇರುವವರು ಯಾರು ಅಂತ ಅದಕ್ಕೇನು ಗೊತ್ತು?

ಆಡಿಟ್ ಹತ್ತಿರ ಬಂದಾಗ, ಎಚ್‌ಆರ್ ಮೇಡಂಗೆ ಹೋಗಬೇಕಾದ ಮ್ಯಾನೇಜರ್ ಮೇಲ್ ನನಗೆ ಬಂತು. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ಪರ್ಮನೆಂಟ್ ಪೋಸ್ಟ್ ನಮ್ಮ ಕಡೆ ಹುಡುಗನಿಗೆ. ಆ ಗಾರ್ಮೆಂಟ್ಸ್‌ನವಳ ಮಗಳಿಗೆ ಆಡಿಟ್ ಮುಗಿಯುವವರೆಗೆ ಹೇಳಬೇಡಿ. ಆಸೆ ಇದ್ದರೆ ದುಡೀತಾಳೆ.

ಓದಿ ಮುಗಿಸುವಷ್ಟರಲ್ಲಿ ಮ್ಯಾನೇಜರ್ ನನ್ನ ಟೇಬಲ್‌ಗೆ ಓಡಿ ಬಂದರು. "ಅದು ತಾನಾಗೇ ನಿನ್ನ ಹೆಸರು ತಗೊಂಡ್ಬಿಡ್ತಮ್ಮ. ಡಿಲೀಟ್ ಮಾಡ್ಬಿಡು."

"ವಿಳಾಸ ತಾನಾಗೇ ಬಂತು ಸಾರ್. ಒಳಗಿರೋದನ್ನ ಟೈಪ್ ಮಾಡಿದ್ದು ಯಾರು?"

ಅವರ ಮುಖ ಬಿಗಿಯಾಯಿತು. "ನಿನ್ನ ಇಂಗ್ಲಿಷ್‌ಗೆ ಇನ್ನೆಲ್ಲಿ ಕೆಲಸ ಸಿಗುತ್ತೆ? ಸುಮ್ನೆ ಫೈಲ್ ರೆಡಿ ಮಾಡು."

"ಇದನ್ನ ಓದೋಷ್ಟು ಬರುತ್ತೆ" ಅಂದು ಐಡಿ ಕಾರ್ಡ್ ಕಳಚಿ ಟೇಬಲ್ ಮೇಲಿಟ್ಟು ಬ್ಯಾಗ್ ತಗೊಂಡೆ.

ಮನೆಯಲ್ಲಿ ಅಮ್ಮ ಬೈದಳು. "ಈ ತಿಂಗಳ ಸಂಬಳ ತಗೊಂಡು ಬಿಡೋಕಾಗ್ತಿರ್ಲಿಲ್ವೇನೇ? ರೋಷಕ್ಕೇನೂ ಕಮ್ಮಿ ಇಲ್ಲ." ಮೇಲ್‌ನಲ್ಲಿ ಅವಳನ್ನೂ ಎಳೆದು ತಂದಿದ್ದನ್ನು ನಾನು ಹೇಳಲಿಲ್ಲ.

ಆಡಿಟ್ ದಿನ ಮನೆಯಲ್ಲಿ ಊಟಕ್ಕೆ ಕೂತಾಗ ಫೋನ್ ಬಂತು. ಮ್ಯಾನೇಜರ್ ದನಿ ತಗ್ಗಿಸಿದ್ದರು. ಅವತ್ತು ನಾನೂ ಮೇಡಂ ಆಗಿದ್ದೆ.

"ಮೇಡಂ, ಮೈಕ್ರೋಮೀಟರ್ ಸರ್ಟಿಫಿಕೇಟ್ ಯಾವ ಫೈಲಲ್ಲಿದೆ? ಆಡಿಟ್‌ನವರು ಎದುರಿಗೇ ಕೂತಿದ್ದಾರೆ."

ಆ ಅಳತೆ ಉಪಕರಣದ ದಾಖಲೆ ಯಾವ ಕಪಾಟು, ಯಾವ ಫೈಲ್, ಎಲ್ಲ ನನಗೆ ಗೊತ್ತಿತ್ತು.

"ನಿಮ್ಮ ಕಡೆ ಹುಡುಗನ್ನ ಕೇಳಿ ಸಾರ್" ಅಂದು ಫೋನ್ ಇಟ್ಟೆ.

ಮತ್ತೆ ರಿಂಗ್ ಆಯಿತು. ನಾನು ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿಕೊಂಡೆ.