ಬೋರಲು ಮಲಗಿದ ಹುಡುಗ

ವಲೆನ್ಸಿಯಾ ಪಟ್ಟಣದಾಚೆ ಕಡಲ ದಡದಲ್ಲಿರುವ ನಮ್ಮ ಕಬನ್ಯಾಲಿನ ಮೀನುಗಾರರ ಕೇರಿಯಲ್ಲಿ ರೆಮೆಯ್‌ಳ ಬಾಯಿಗೆ ಹೆದರದವರಿರಲಿಲ್ಲ. ಹಳಸಿದ ಮೀನನ್ನು ತಾಜಾ ಎಂದು ನಯವಾಗಿ ಮಾರುವ ಜಾಣೆಯರ ನಡುವೆ ಅವಳು ತಾಜಾ ಮೀನನ್ನೇ ಬೈದು ಮಾರುತ್ತಿದ್ದಳು. ಅಂಥ ಬಾಯಿ ಒಂದು ಚಳಿಗಾಲದಲ್ಲಿ ಮುಚ್ಚಿಹೋಯಿತು. ಮೂಡಣ ಗಾಳಿ ಎದ್ದು ಗಂಡ ಬ್ಲಾಯ್‌ನ ದೋಣಿ ಮಗುಚಿದಾಗ ಬ್ಲಾಯ್ ದಡ ಸೇರಿದ. ಮೊದಲ ಸಲ ಅಪ್ಪನ ಜೊತೆ ಹೋಗಿದ್ದ ಮಗ ನೆಲೊ ಸೇರಲಿಲ್ಲ. ಸಮುದ್ರ ಅವನ ಹೆಣವನ್ನೂ ಕೊಡಲಿಲ್ಲ.

ಹೂಳುವುದಕ್ಕೆ ಹೆಣವಿಲ್ಲ, ನೋಡುವುದಕ್ಕೆ ಫೋಟೊ ಇಲ್ಲ. ಫೋಟೊ ಎಂದರೆ ಮದುವೆಯಾದವರಿಗೆ, ಸೈನ್ಯಕ್ಕೆ ಹೊರಟವರಿಗೆ. ಬರಿಗಾಲಿನ ಹುಡುಗರಿಗೆ ಯಾರು ತೆಗೆಸುತ್ತಾರೆ? ಬೇಸಿಗೆ ಬರುವ ಹೊತ್ತಿಗೆ ರೆಮೆಯ್‌ಗೆ ಒಂದು ಭಯ ಹಿಡಿಯಿತು. ಮಗನ ಮುಖ ಮಸುಕಾಗುತ್ತಿತ್ತು. ಹಣೆ ನೆನಪಾದರೆ ಬಾಯಿ ನೆನಪಾಗದು. ಹೆತ್ತವಳಿಗೇ ಹೀಗಾದರೆ ಅವನು ಬದುಕಿದ್ದ ಎನ್ನುವುದಕ್ಕೆ ಇನ್ನೇನು ಉಳಿಯಿತು? ನಾಚಿಕೆಯಿಂದ ಅವಳು ಯಾರಿಗೂ ಹೇಳಲಿಲ್ಲ.

ಪಕ್ಕದ ಮನೆಯ ವಿಸೆಂತಾಳೇ ಒಂದು ದಿನ ಓಡಿಬಂದಳು. "ಲೇ ರೆಮೆಯ್! ಹೋದ್ ಬೇಸಿಗೇಲಿ ದೋನ್ ಹಾಸಿಂತೊನೋರು ಹುಡುಗ್ರನ್ನ ಮರಳ ಮೇಲೆ ಮಲಗಿಸ್ಕೊಂಡು ಚಿತ್ರ ಬರೀಲಿಲ್ವೇನೆ? ನಿನ್ ನೆಲೊನೂ ಇದ್ನಲ್ಲೇ! ಅದಕ್ಕೆ ಪ್ಯಾರಿಸ್ಸಲ್ಲಿ ಪದಕ ಬಂದೈತಂತೆ. ಈಗ ಪಟ್ಣದಲ್ಲಿ ಇಟ್ಟವ್ರೆ, ಆಮೇಲೆ ಅಮೆರಿಕಕ್ಕೆ ಹೊಂಟೋಯ್ತದಂತೆ."

ರೆಮೆಯ್ ಮೀನಿನ ಬುಟ್ಟಿಯನ್ನು ಅವಳ ಕೈಗೆ ತುರುಕಿ, ಉಟ್ಟ ಬಟ್ಟೆಯಲ್ಲೇ ವಲೆನ್ಸಿಯಾದ ಟ್ರಾಮ್ ಹತ್ತಿದಳು.

ಪ್ರದರ್ಶನದ ಕೋಣೆಯಲ್ಲಿ ರೇಷ್ಮೆಯುಟ್ಟ ಹೆಂಗಸರು ಅವಳನ್ನು ಕಂಡು ಮೂಗಿಗೆ ಕರವಸ್ತ್ರ ಹಿಡಿದರು. ದೊಡ್ಡ ಮನುಷ್ಯರು ಚಿತ್ರದ ಮುಂದೆ ನಿಂತು "ಬೆಳಕು! ಏನು ಬೆಳಕು!" ಎಂದು ತಲೆದೂಗುತ್ತಿದ್ದರು. ಬೆಳಕಂತೆ! ನಮ್ಮ ದಡದಲ್ಲಿ ದಿನಾ ಪುಕ್ಕಟೆ ಬೀಳುವ ಬೆಳಕಿಗೆ ಇವರ್‍ಯಾರೂ ಬಂದು ತಲೆದೂಗಿದ್ದಿಲ್ಲ.

ಒದ್ದೆ ಮರಳಿನಲ್ಲಿ ಮೂವರು ಬತ್ತಲೆ ಹುಡುಗರು. ಇಬ್ಬರು ಇತ್ತ ತಿರುಗಿ ನಗುತ್ತಿದ್ದರು. ಮೂರನೆಯವನು ಬೋರಲು ಮಲಗಿ ಮುಖವನ್ನು ತೋಳಿನಲ್ಲಿ ಹುದುಗಿಸಿದ್ದ. ಒಂದು ಕಾಲ ಮೇಲೆ ಇನ್ನೊಂದು ಹಾಕಿದ್ದ ರೀತಿಯಿಂದಲೇ ಅವಳಿಗೆ ಗೊತ್ತಾಯಿತು, ಅವನು ನೆಲೊ. ರೆಮೆಯ್ ಚೌಕಟ್ಟಿನ ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದಳು, ಆ ಕಡೆಯಿಂದಲಾದರೂ ಮುಖ ಕಂಡೀತೇನೋ ಎಂದು. ಜನ ಗೊಳ್ಳೆಂದು ನಕ್ಕರು.

ಚಿತ್ರ ಬರೆದ ದೋನ್ ಹಾಸಿಂತೊ ನಗಲಿಲ್ಲ. ಅವಳ ಹತ್ತಿರ ಬಂದು ವಿಷಯ ಕೇಳಿಕೊಂಡರು.

"ಇವ್ನೊಬ್ಬನ ಮುಖ ಯಾಕ್ ಬರೀಲಿಲ್ಲ ಬುದ್ಧಿ?"

"ಒಂದ್ ಗಳಿಗೆ ಸುಮ್ನಿರ್ತಿರ್ಲಿಲ್ಲಮ್ಮ. ನನ್ನ ಗಡ್ಡ ನೋಡಿ ನಗೋನು. ಗದರಿದ್ರೆ ಇನ್ನೂ ನಗೋನು. ಅದಕ್ಕೇ ಬೋರಲು ಮಲಗ್ಸಿದೆ." ಅವರು ಗಡ್ಡ ನೀವಿಕೊಂಡರು. "ನೀವು ಹೇಳಿ, ಈಗ ಬರೀತೀನಿ."

ಒಳಗೆ ಕರೆದೊಯ್ದು ಕೂರಿಸಿ ಇದ್ದಿಲು ಕೈಗೆತ್ತಿಕೊಂಡರು.

"ಕಣ್ಣು?"

"ಕಪ್ಪಗಿದ್ವು."

"ಮೂಗು ಹೇಗಿತ್ತು?"

"ಮೂಗು... ಮೂಗಿನ್ ಥರಾನೇ ಇತ್ತು ಬುದ್ಧಿ."

"ನಕ್ಕಾಗ?"

ಕೇರಿಯನ್ನೆಲ್ಲ ನಡುಗಿಸಿದ ಬಾಯಿ ತಡಕಾಡಿ ಹೇಳಿದ್ದೆಲ್ಲ ದಡದ ಯಾವ ಹುಡುಗನಿಗಾದರೂ ಒಪ್ಪುವಂಥದ್ದು. ಅವರು ಬರೆದರು, ಅವಳು ತಲೆಯಲ್ಲಾಡಿಸಿದಳು. ಒರೆಸಿ ಮತ್ತೆ ಬರೆದರು, ಅದೂ ಅಲ್ಲ. ಹೇಗಿದ್ದ ಎಂದು ಹೇಳಲಾರಳು, ಹೀಗಿರಲಿಲ್ಲ ಎಂದು ಮಾತ್ರ ಬಲ್ಲಳು. ಬಾಗಿಲು ಹಾಕುವ ಹೊತ್ತಾಯಿತು. ಬರಿಗೈಯಲ್ಲಿ ಮನೆಗೆ ಹೋಗುವುದನ್ನು ನೆನೆದೇ ಅವಳ ಜೀವ ಬಾಯಿಗೆ ಬಂತು. ಆಗ ಕಾಗದದ ಮೇಲಿದ್ದ ನಗುಮುಖವನ್ನು ತೋರಿಸಿ "ಹೂಂ, ಇವ್ನೇ" ಅಂದುಬಿಟ್ಟಳು.

ಮನೆಯಲ್ಲಿ ಬ್ಲಾಯ್ ಗೋಡೆಗೊರಗಿ ಕೂತಿದ್ದ. ದೋಣಿ ಮಗುಚಿದ ದಿನದಿಂದ ಅವನು ಸಮುದ್ರಕ್ಕೆ ಇಳಿದಿರಲಿಲ್ಲ, ಅತ್ತಿರಲೂ ಇಲ್ಲ. ಇದು ಅವನಲ್ಲ ಎಂದು ಗಂಡನಾದರೂ ಹೇಳಿಬಿಡಲಿ, ಇಬ್ಬರೂ ಸೇರಿ ನೆನಪು ಮಾಡಿಕೊಳ್ಳೋಣ ಎಂದುಕೊಂಡು ರೆಮೆಯ್ ಕಾಗದ ಬಿಡಿಸಿ ಅವನ ಮುಂದಿಟ್ಟಳು.

ಬ್ಲಾಯ್ ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಎದೆಗವಚಿಕೊಂಡು ಬಿಕ್ಕಿಬಿಕ್ಕಿ ಅತ್ತ.

"ನಮ್ ನೆಲೊ ಕಣೇ! ಅಚ್ಚು ಹೊಡ್ದಂಗವ್ನೆ. ನಂಗೆ ಇವ್ನ ಮುಖಾನೇ ಮರ್ತೋಗಿತ್ತು ಕಣೇ. ನಿಂಗ್ ಹೇಳಕ್ಕೆ ಹೆದ್ರಿ ಸತ್ತಿದ್ದೆ. ಇವ್ನೇ ಅಲ್ವೇನೆ?"

"ಅಲ್ಲ" ಎನ್ನುವ ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಹೂಂ, ಇವ್ನೇ," ಅಂದಳು ರೆಮೆಯ್. ಮೊಳೆ ಹುಡುಕಿ, ಮಾತೆ ಮರಿಯಳ ಪಟದ ಪಕ್ಕದಲ್ಲಿ ಅದನ್ನು ತಾನೇ ತೂಗುಹಾಕಿದಳು. ಆಮೇಲೆ ಅವಳು ಮಗನನ್ನು ನೆನೆದು ಕಣ್ಣು ಮುಚ್ಚಿದಾಗಲೆಲ್ಲ ಕಾಗದದ ಹುಡುಗನೇ ಬಂದು ನಗುತ್ತಿದ್ದ.