ಟೈಮಿಂಗ್ ಬೆಲ್ಟು ಮತ್ತು ಅಕ್ಕನ ಆರು ತಿಂಗಳು

ಬಾಯಿಗೆ ಬಂದದ್ದನ್ನು ಆಡಿಬಿಡುವ ಚಟ ನನಗೆ ಮೊದಲಿನಿಂದಲೂ ಇದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದರೂ ಅದು ಹೋಗಲಿಲ್ಲ. ಅದರ ಪೆಟ್ಟು ತಿಂದವಳು ನನ್ನ ಅಕ್ಕ.

ಅಕ್ಕ ಬನಹಟ್ಟಿಯಲ್ಲಿ ನನ್ನ ಜೊತೆಗೇ ಇದ್ದಳು. ಮದುವೆಯಾದ ಎರಡನೇ ವರ್ಷ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಶೆಡ್ಡಿನಲ್ಲಿದ್ದ ಎರಡು ಪವರ್‌ಲೂಮ್ ನಡೆಸಿ ನನ್ನನ್ನು ಓದಿಸಿದಳು. ಕಡೆಗಾಲಕ್ಕೆ ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ, ಗುರುವಾರ ಜಮಖಂಡಿಯಲ್ಲಿ ಡಯಾಲಿಸಿಸ್. ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲೇ ತಲೆ ತಿರುಗಿ ಕುಸಿದಳು. ಮರುವಾರವೇ ನಾನು ಮುಧೋಳದಿಂದ ಹಳೆಯ ಡೀಸೆಲ್ ಕಾರೊಂದನ್ನು ತಂದೆ. ಅಕ್ಕನನ್ನು ಒಯ್ಯುವುದು, ತರುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೌದಿ ಹಾಸಿಕೊಂಡು, ಕಾಲು ಚಾಚಿ ಕೂತು, ದಾರಿಯುದ್ದಕ್ಕೂ ನನ್ನ ಡ್ರೈವಿಂಗಿಗೆ ಬೈಯುತ್ತಿದ್ದಳು.

"ಲೇ ತಮ್ಮಾ, ಕಬ್ಬಿನ ಟ್ರ್ಯಾಕ್ಟರಿಗೆ ಸೈಡ್ ಹೊಡೀಬ್ಯಾಡೋ. ಕಿಡ್ನಿ ಅಂತೂ ಹೋಗ್ಯಾವ, ಇದ್ದೊಂದು ಜೀವಾನೂ ಕಳೀತಿ ಏನು?"

ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಡಾಕ್ಟರು ಒಂದು ದಿನ ನನ್ನನ್ನು ಹೊರಗೆ ಕರೆದು, ಹೃದಯ ಸೋತಿದೆ, ಇನ್ನು ಬಹಳ ದಿನ ತಡೆಯುವುದು ಕಷ್ಟ ಎಂದರು. ಅಕ್ಕನಿಗೆ ಹೇಳಲಿಲ್ಲ. ಮರಳುವಾಗ ಆಯಿಲ್ ಬದಲಿಸಲು ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದೆ. ಅಕ್ಕ ಹಿಂದೆ ಕಣ್ಣು ಮುಚ್ಚಿ ಒರಗಿದ್ದಳು. ಮೆಕ್ಯಾನಿಕ್ ಬಾನೆಟ್ ಎತ್ತಿದ, ಕಿಲೋಮೀಟರ್ ನೋಡಿದ, ತಲೆ ಕೆರೆದುಕೊಂಡ.

"ಸರ, ಟೈಮಿಂಗ್ ಬೆಲ್ಟ್ ಬದಲಿ ಮಾಡಬೇಕ್ರಿ. ಇದು ಹರಿಯೂ ಮುಂದ ಸಪ್ಪಳಾ ಗಿಪ್ಪಳಾ ಏನೂ ಮಾಡೂದಿಲ್ಲ ನೋಡ್ರಿ. ಓಡೂ ಗಾಡ್ಯಾಗ ಹರೀತಂದ್ರ ನಡುರಸ್ತೇದಾಗ ಗಾಡಿ ನಿಂತಬಿಡತೈತಿ, ಇಂಜಿನ್ನೂ ಹಾಳ. ಇಂತಿಷ್ಟ ಕಿಲೋಮೀಟರ್, ಇಲ್ಲಂದ್ರ ಇಂತಿಷ್ಟ ವರ್ಷ, ಯಾವುದು ಮೊದಲ ಬರತೈತಿ ಅದಕ್ಕ ತಗದ ಹಾಕಬೇಕು. ಎರಡು ದಿನ ಗಾಡಿ ಬಿಟ್ಟ ಹೋಗ್ರಿ."

ಈಗೆಲ್ಲಿ ಬಿಡಲಿ ಎಂದು ನಾನು ಗೊಣಗಿದೆ. "ಹಂಗಾರ ಇನ್ನ ಎಷ್ಟು ದಿನಾ ಓಡಸಾವ್ರ ಅದೀರಿ, ಅದನ್ನರ ಹೇಳ್ರಿ" ಎಂದ ಅವನು.

"ಇನ್ನೊಂದು ಆರು ತಿಂಗಳ ಎಳದ್ರ ಸಾಕು. ಆಮ್ಯಾಲ ಈ ಗಾಡಿ ಯಾರಿಗೆ ಬೇಕು?"

ನನ್ನ ಬಾಯಿಗೆ ಮಣ್ಣು ಬೀಳಲಿ. ಡಾಕ್ಟರು ತಿಂಗಳು ಎಣಿಸಿರಲಿಲ್ಲ. ಎಣಿಸಿದವನು ನಾನು. ತಿರುಗಿ ನೋಡಿದರೆ ಅಕ್ಕ ಕಣ್ಣು ಬಿಟ್ಟಿದ್ದಳು.

ಬನಹಟ್ಟಿಯ ದಾರಿ ಹಿಡಿದೆವು. ನಾನು ಬೇಕಂತಲೇ ಎರಡು ಟ್ರ್ಯಾಕ್ಟರಿಗೆ ಸೈಡ್ ಹೊಡೆದೆ. ಅಕ್ಕ ಬೈಯಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ ಕೇಳಿದಳು: "ಡಾಕ್ಟರ ಆರು ತಿಂಗಳ ಅಂದ್ರೇನೋ?"

"ಇಲ್ಲ ಬೇ ಅಕ್ಕಾ, ಗಾಡಿ ಮಾರೂದೈತಿ, ಅದಕ್ಕ ಅಂದೆ."

"ಸುಳ್ಳ ಹೇಳಾಕೂ ಬರೂದಿಲ್ಲ ನಿನಗ. ಮಾಸ್ತರಕಿ ಹೆಂಗ ಮಾಡಿದ್ಯೋ!" ಎಂದು, ಡಾಕ್ಟರು ಹೇಳಿದಂತೆ ಅಳೆದಿಟ್ಟ ಅರ್ಧ ಲೋಟ ನೀರಿನಲ್ಲಿ ಒಂದು ಗುಟುಕು ಕುಡಿದು ಎದ್ದುಹೋದಳು.

ಗುರುವಾರ ಡಯಾಲಿಸಿಸ್ ಮುಗಿದ ಮೇಲೆ ತಾನೇ ಗ್ಯಾರೇಜಿಗೆ ನಡೆ ಎಂದಳು. ಸೂಜಿ ಚುಚ್ಚಿದ ಕೈಗೆ ಪಟ್ಟಿ ಸುತ್ತಿಕೊಂಡೇ ಕೆಳಗಿಳಿದು ಮೆಕ್ಯಾನಿಕ್‌ನ ಎದುರು ನಿಂತಳು.

"ಹೊಸಾ ಬೆಲ್ಟ್ ಹಾಕಪಾ. ಮಗ್ಗದ ಪಟ್ಟಾ ಸವದದ್ದು ಕಂಡ್ರ ನಾ ಅವತ್ತ ಬದಲಿ ಮಾಡತಿದ್ದೆ. ಅರ್ಧಾ ಸೀರಿ ನೇದ ಬಿಟ್ಟಾಕಿ ಅಲ್ಲ ನಾ. ಇವನ ಮಾತ ಕೇಳಬ್ಯಾಡ. ನಾ ಇನ್ನಾ ಭಾಳ ದಿನಾ ಓಡಾಡಾಕಿ ಅದೀನಿ."

ಮರುದಿನ ಗಾಡಿ ಒಯ್ದು ಬಿಟ್ಟೆ, ಭಾನುವಾರ ತಂದೆ. ತೆಗೆದ ಹಳೆಯ ಬೆಲ್ಟನ್ನು ಅಕ್ಕ ಕೇಳಿ ತರಿಸಿಕೊಂಡಿದ್ದಳು. ಹೆಬ್ಬೆರಳಿನಿಂದ ಅದರ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ನೋಡಾಕ ಗಟ್ಟಿನ ಐತಿ. ಒಳಗ ಹೆಂಗೈತೋ ಯಾರಿಗೆ ಗೊತ್ತು" ಎಂದಳು. ಅದನ್ನು ಶೆಡ್ಡಿನ ಮೊಳೆಗೆ ತಾನೇ ತೂಗುಹಾಕಿದಳು.

ಆರು ತಿಂಗಳು ತುಂಬಿದ ಮೇಲಿನ ಸೋಮವಾರ ಹಿಂದಿನಿಂದ ನನ್ನ ಭುಜ ತಟ್ಟಿದಳು. "ಲೇ, ಆರು ತಿಂಗಳಾತು. ಗಾಡಿ ಇನ್ನಾ ಓಡಾಕತ್ತೈತಲ್ಲೋ!" ಏಳಕ್ಕೂ ಅದೇ ಮಾತು, ಎಂಟಕ್ಕೂ ಅದೇ ಮಾತು. ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ತಪ್ಪಾಯಿತು ಅಕ್ಕಾ ಎಂದು ಒಂದೇ ಒಂದು ಮಾತು ಹೇಳಬೇಕಿತ್ತು. ಬೇಡದ್ದಕ್ಕೆಲ್ಲ ಮುಂದಾಗುತ್ತಿದ್ದ ಈ ಬಾಯಿಗೆ ಅದೊಂದು ಬರಲಿಲ್ಲ.

ಹದಿನಾಲ್ಕನೇ ತಿಂಗಳು, ಒಂದು ಬುಧವಾರ ಬೆಳಿಗ್ಗೆ, ಚಹಾ ಕೇಳಿದಳು. ನಾನು ಬಸಿದು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮರುದಿನ ಗುರುವಾರ. ಆಸ್ಪತ್ರೆಗೆ ಹೊರಡುವ ಹೊತ್ತಿಗೆ ನನ್ನ ಕೈ ತಾನಾಗಿಯೇ ಗಾಡಿಯ ಕೀಲಿ ಹುಡುಕಿತು. ಮನೆ ತುಂಬ ಜನ ಕೂತಿದ್ದರು.

ಗಾಡಿ ಮಾರಲಿಲ್ಲ. ಮಾರಿದರೆ ನಾನು ಅಂದು ಆಡಿದ ಮಾತೇ ಖರೆಯಾದಂತೆ ಎಂದು ಹಟಕ್ಕೆ ಇಟ್ಟುಕೊಂಡಿದ್ದೇನೆ. ಯಾವಾಗಲೋ ಬೀಳಗಿಗೆ, ಯಾವಾಗಲೋ ಅನಗವಾಡಿಯ ಬೀಗರ ಮನೆಗೆ, ಅಷ್ಟೇ ಓಡಾಟ. ಹಿಂದಿನ ಸೀಟಿನ ಕೌದಿ ತೆಗೆದಿಲ್ಲ.

ಅಕ್ಕ ಹೋಗಿ ಕೆಲವು ವರ್ಷಗಳಾದ ಮೇಲೆ, ಕಳೆದ ತಿಂಗಳು ಅದೇ ಗ್ಯಾರೇಜಿಗೆ ಹೋಗಿದ್ದೆ. ಬೆಲ್ಟು ಹಾಕಿದ ದಿನ ಬಾನೆಟ್ಟಿನ ಒಳಗೆ ಬಿಳಿ ಬಣ್ಣದಲ್ಲಿ ಬರೆದಿಟ್ಟ ತಾರೀಖನ್ನು ಮೆಕ್ಯಾನಿಕ್ ಒರೆಸಿ ಓದಿದ.

"ಸರ, ಕಿಲೋಮೀಟರ್ ಏನೂ ಆಗಿಲ್ರಿ. ಆದ್ರ ವರ್ಷ ತುಂಬ್ಯಾವ, ಬೆಲ್ಟ್ ಹಾಕಬೇಕು. ಗಾಡಿ ಇನ್ನ ಎಷ್ಟು ದಿನಾ ಓಡಸಾವ್ರ ಅದೀರಿ?"

ಅವನಿಗೆ ಹಳೆಯದು ನೆನಪಿರಲಿಲ್ಲ, ಪಾಪ.

"ಭಾಳ ದಿನಾ," ಎಂದೆ. "ಇನ್ನಾ ಭಾಳ ದಿನಾ ಓಡಾಡೂದೈತಿ. ಹಾಕು."

ಅವನು ನನ್ನ ಮಗ್ಗುಲಲ್ಲೇ ನಿಂತಿದ್ದ, ಅಷ್ಟು ಜೋರಾಗಿ ಒದರುವ ಅಗತ್ಯವಿರಲಿಲ್ಲ. ನಾನು ಹಿಂದಿನ ಸೀಟಿನ ಕಡೆಗೆ ಮುಖ ಮಾಡಿ ಹೇಳಿದ್ದೆ.