ಹೀರೋ ಬೆನ್ನ ಹಿಂದಿನ ಮನೆ

ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆಗೆ ಎಲ್ಲಿಂದಲೋ ಬಿಸಿ ಸಮೋಸದ ಘಮ ಬೆರೆತರೆ ಸಾಕು, ನಾನು ಹ್ಯೂಸ್ಟನ್ನಿನ ಆ ಹಳೇ ಥಿಯೇಟರಿನಲ್ಲಿ ಅಮ್ಮನ ಪಕ್ಕದ ಸೀಟಿನಲ್ಲಿ ಕೂತಿರುತ್ತೇನೆ. ನಮ್ಮ ದೇಶದವರೇ ನಡೆಸುತ್ತಿದ್ದ ಥಿಯೇಟರ್ ಅದು, ಈಗಿಲ್ಲ. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ನಮ್ಮ ಬಾಡಿಗೆ ಮನೆಯಲ್ಲೂ ಈಗ ಬೇರೆ ಯಾರೋ ಇದ್ದಾರೆ. ಅಮ್ಮನೂ ಹೋದಳು. ಇರುವಾಗ ಇವೆಲ್ಲ ಯಾವಾಗಲೂ ಇರುತ್ತವೆ ಅನ್ನಿಸುತ್ತದೆ, ನಿಮಗೂ ಗೊತ್ತಿರುವ ಮಾತೇ.

ಅಮ್ಮನಿಗೆ ಮಲಯಾಳಂ ಒಂದಕ್ಷರ ಬರುತ್ತಿರಲಿಲ್ಲ, ಹೊಡೆದಾಟದ ಸಿನಿಮಾ ಎಂದರಂತೂ ಅಷ್ಟಕ್ಕಷ್ಟೇ. ಆದರೂ ಆ ಶನಿವಾರ ಅಂಥದೇ ಒಂದು ಸಿನಿಮಾ ನೋಡಲು ಅಪ್ಪನ ಕೈಲಿ ಹ್ಯೂಸ್ಟನ್‌ವರೆಗೆ ಡ್ರೈವ್ ಮಾಡಿಸಿದಳು. ಸಿನಿಮಾ ಆಸ್ಟಿನ್‌ಗೆ ಬಂದಿರಲಿಲ್ಲ, ಡಲ್ಲಾಸ್‌ನಲ್ಲಿ ಟಿಕೆಟ್ ಮುಗಿದಿತ್ತು. ಆ ಕಾಲೇಜು ಕಥೆಯ ಶೂಟಿಂಗ್ ನಡೆದದ್ದು ಮೈಸೂರಿನಲ್ಲಿ, ತಾತ ವ್ಯಾಯಾಮದ ಮೇಷ್ಟ್ರಾಗಿದ್ದ ಕಾಲೇಜಿನಲ್ಲಿ. ಮೈದಾನದ ಅಂಚಿನ ಕ್ವಾರ್ಟರ್ಸ್‌ನಲ್ಲೇ ಅಮ್ಮ ಬೆಳೆದದ್ದು. “ನನ್ನ ವಾಲಿಬಾಲ್ ಕೋರ್ಟೆಲ್ಲ ಕೆಡಿಸಿಬಿಟ್ರು ಕಣೇ, ಒಬ್ಬನಿಗೂ ನೆಟ್ಟಗೆ ಬೀಳಕ್ಕೆ ಬರಲ್ಲ” ಎಂದು ತಾತ ಫೋನಿನಲ್ಲಿ ರೇಗಿದ್ದರು. ಸಿನಿಮಾ ತೆರೆಗೆ ಬರುವಷ್ಟರಲ್ಲಿ ಅವರು ತೀರಿಕೊಂಡರು. ಅಮ್ಮ ಮೈಸೂರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಕ್ವಾರ್ಟರ್ಸನ್ನೂ ಕೆಡವಿದರು. ಮನೆಯದೊಂದು ಫೋಟೋ ಕೂಡ ಯಾರ ಬಳಿಯೂ ಇರಲಿಲ್ಲ. ದಿನಾ ಕಣ್ಣೆದುರಿಗಿರುವುದರ ಫೋಟೋ ಯಾರು ತಾನೇ ತೆಗೆಯುತ್ತಾರೆ? ಇನ್ನು ಆ ಮನೆ ಎಲ್ಲಾದರೂ ಉಳಿದಿದ್ದರೆ ಆ ಮೈದಾನದಲ್ಲಿ ತೆಗೆದ ಹೊಡೆದಾಟದೊಳಗೆ ಮಾತ್ರ.

ನಮ್ಮ ಜೊತೆ ಬಂದಿದ್ದ ಪಕ್ಕದ ಮನೆಯ ಸಾಬು ಅಂಕಲ್ ಮಲಯಾಳಿ, ಬೆಂಗಳೂರಲ್ಲಿದ್ದು ಕನ್ನಡ ಕಲಿತವರು, ಅಮ್ಮನನ್ನು ಮಾತ್ರ ತಮ್ಮ ಭಾಷೆಯಲ್ಲೇ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಕತ್ತಲಲ್ಲಿ ಪಾಪ ಒಂದೊಂದು ಮಾತಿಗೂ ಕನ್ನಡದಲ್ಲಿ ಕಥೆ ಹೇಳಿಕೊಡುತ್ತಿದ್ದರು. ಕಥೆ ಯಾರಿಗೆ ಬೇಕಿತ್ತು? ಅಮ್ಮ ಹೀರೋ ಬೆನ್ನ ಹಿಂದೆಯೇ ಕಣ್ಣು ನೆಟ್ಟಿದ್ದಳು. ಕೊನೆಗೂ ಮೈದಾನ ಬಂತು, ಹೊಡೆದಾಟ ಶುರುವಾಯಿತು.

“ಅಗೋ, ನಮ್ಮನೆ!” ಅಮ್ಮ ಎದ್ದೇ ನಿಂತಳು.

“ವೇರ್, ಅಮ್ಮ?” ಎಂದು ನಾನು ಕೇಳುವಷ್ಟರಲ್ಲಿ ದಢೂತಿ ರೌಡಿಯೊಬ್ಬ ಅಡ್ಡ ಬಂದ, ದೃಶ್ಯ ಬದಲಾಯಿತು. ಅಮ್ಮ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸಾಬು ಅಂಕಲ್ ಎದ್ದು, ಹಿಂದೆ ತಿರುಗಿ, ಇಡೀ ಹಾಲಿಗೆ ಕೇಳುವಂತೆ ಮಲಯಾಳಂನಲ್ಲಿ ವಿಷಯ ಹೇಳಿದರು. ಆಮೇಲೆ ಬಾಯಲ್ಲಿ ಬೆರಳಿಟ್ಟು ಒಂದು ಸಿಳ್ಳೆ ಹೊಡೆದು, “ಒನ್ಸ್ ಮೋರ್!” ಎಂದರು. ಊರಿನ ಟಾಕೀಸುಗಳಲ್ಲಿ ಹಾಡಿಗೆ ಹಾಕುತ್ತಿದ್ದ ಕೂಗು ಅದು, ಎಲ್ಲರಿಗೂ ಬರುತ್ತಿತ್ತು. ಹಾಲಿಗೆ ಹಾಲೇ ಕೂಗಿತು. ಥಿಯೇಟರಿನ ಓನರ್ ಓಡಿ ಬಂದು, ಕೇಳಿ, ನಗುತ್ತಲೇ ಒಳಗೆ ಹೋದರು. ಸಿನಿಮಾ ನಿಂತಿತು. ಸ್ವಲ್ಪ ಹೊತ್ತಿಗೆ ಅದೇ ಮೈದಾನ, ಅದೇ ಹೊಡೆದಾಟ.

ಈ ಸಲ ಹೀರೋನನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಪರದೆಯ ಎಡಗಡೆಯ ಮೂಲೆಯಲ್ಲಿತ್ತು. ಪುಟ್ಟ ಹೆಂಚಿನ ಮನೆ, ಅರ್ಧ ತೆರೆದ ಬಾಗಿಲು. ಜನ ಯಾರೂ ಇಲ್ಲ. ಜಗಲಿಯ ಹಗ್ಗದ ಮೇಲೆ ಒಂದು ಬಿಳಿ ಪಂಚೆ.

“ಕಾಣ್ತಾ ಚೇಚಿ?” ಎಂದರು ಸಾಬು ಅಂಕಲ್.

ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಪಂಚೆಯಿಂದ ಇನ್ನೂ ನೀರು ತೊಟ್ಟಿಕ್ತಾ ಇದೆ ನೋಡೇ” ಎಂದಳು. “ಈಗ ತಾನೇ ಸ್ನಾನ ಆಗಿದೆ. ತಾತ ಒಳಗೇ ಇದಾರೆ.”